‘ಸ್ವಇಚ್ಛೆಯ ನಿವೃತ್ತಿ’ ಎಂಬ ಸುಳ್ಳು: ಕುಲಪತಿಗಳಿಗೆ ಒಬ್ಬ ಇಂಗ್ಲಿಷ್ ಅಧ್ಯಾಪಕಿಯ ಪತ್ರ

ಮಾನ್ಯ ಕುಲಪತಿಗಳೇ,

ಕಳೆದ ಶುಕ್ರವಾರದ ವಿಶ್ವವಿದ್ಯಾಲಯದ ವಾರ್ತಾಪತ್ರದಲ್ಲಿ ತಾವು ಒಂದು ಸುಳ್ಳು ಹೇಳಿದ್ದೀರಿ. ಚಿಕ್ಕ ಸುಳ್ಳು, ಮೂರೇ ಸಾಲಿನದು. ‘ಪಶುಪಾಲನಾ ವಿಭಾಗದ ಹಿರಿಯ ಅಧ್ಯಾಪಕ ಥೋರ್ಕಿಲ್ ವೆಸ್ಟರ್‌ಗೋರ್ ಮೂವತ್ತೊಂದು ವರ್ಷಗಳ ಸೇವೆಯ ನಂತರ ಸ್ವಇಚ್ಛೆಯಿಂದ ನಿವೃತ್ತರಾಗಿದ್ದಾರೆ’ ಎಂದು. ಹೊಸ ಬೈಸಿಕಲ್ ನಿಲ್ದಾಣದ ಉದ್ಘಾಟನೆಯ ಸುದ್ದಿಗೆ ಇದಕ್ಕಿಂತ ಹೆಚ್ಚು ಜಾಗ ಸಿಕ್ಕಿತ್ತು. ಥೋರ್ಕಿಲ್ ಸ್ವಇಚ್ಛೆಯಿಂದ ಹೋಗಲಿಲ್ಲ. ಅವನನ್ನು ಕಳಿಸಲಾಯಿತು. ಕಳಿಸಿದವರು ತಾವು. ಕಳಿಸಲು ಬೇಕಾದ ಕಾಗದಕ್ಕೆ ಸಹಿ ಹಾಕಿದವಳು ನಾನು. ಹೀಗಾಗಿ ಈ ವಿಷಯದಲ್ಲಿ ನನ್ನ ಮಾತನ್ನು ತಾವು ನಂಬಬಹುದು.

ನಮ್ಮ ನಾಡಿನಲ್ಲಿ ಎಲ್ಲರೂ ಎಲ್ಲರನ್ನೂ ‘ನೀನು’ ಎನ್ನುತ್ತೇವೆ. ಕಸ ಗುಡಿಸುವವರಿಂದ ಹಿಡಿದು ತಮ್ಮವರೆಗೆ. ಆದರೂ ಈ ಪತ್ರದುದ್ದಕ್ಕೂ ‘ತಾವು’ ಎಂದೇ ಬರೆಯುತ್ತೇನೆ. ಗೌರವ ಹೆಚ್ಚಾಯಿತೆಂದಲ್ಲ, ತಾವು ದೂರದಲ್ಲಿದ್ದೀರಿ ಎಂದು. ಮೂರು ಸಲ ತಮ್ಮ ಕಚೇರಿಗೆ ಬರೆದೆ. ಮೂರು ಸಲವೂ ‘ನಿಮ್ಮ ಅಭಿಪ್ರಾಯವನ್ನು ಸ್ವಾಗತಿಸುತ್ತೇವೆ’ ಎಂಬ ಉತ್ತರ, ಅದೂ ಇಂಗ್ಲಿಷಿನಲ್ಲಿ, ಬಂತು. ಸ್ವಾಗತ ಸಿಕ್ಕ ಅಭಿಪ್ರಾಯ ಬಾಗಿಲಲ್ಲೇ ನಿಂತಿದೆ. ಆದ್ದರಿಂದ ಈ ಸಲ ಊರಿನ ಪತ್ರಿಕೆಯ ಮೂಲಕ, ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಅನುವಾದ ಬೇಕಿದ್ದರೆ ಹೇಳಿ, ಮಾಡಿಕೊಡುತ್ತೇನೆ. ಇಪ್ಪತ್ತಾರು ವರ್ಷದಿಂದ ನನ್ನ ಕಸುಬೇ ಅದು.

ಕಸುಬಿನ ಬಗ್ಗೆ ಒಂದು ಮಾತು. ಇಂಗ್ಲಿಷಿನ ಮೇಲೆ ನನಗೆ ದ್ವೇಷವಿದೆ ಎಂದು ಯಾರೂ ತಿಳಿಯಬಾರದು. ಹದಿನಾಲ್ಕನೆಯ ವಯಸ್ಸಿನಲ್ಲಿ ಅದನ್ನು ಪ್ರೀತಿಸತೊಡಗಿದವಳು ಇನ್ನೂ ಬಿಟ್ಟಿಲ್ಲ. ಪರಭಾಷೆಯ ತರಗತಿ ಎಂದರೆ ದೊಡ್ಡವರು ಮತ್ತೆ ಮಕ್ಕಳಾಗಿ ತಪ್ಪು ಮಾಡಲು ಅನುಮತಿ ಇರುವ ಒಂದೇ ಕೋಣೆ ಎಂದು ನಂಬಿ ಬದುಕಿದವಳು ನಾನು. ರಸಾಯನಶಾಸ್ತ್ರದ ಪ್ರಾಧ್ಯಾಪಕರು ನನ್ನೆದುರು ಕ್ರಿಯಾಪದ ತಪ್ಪಿ, ಕಿವಿ ಕೆಂಪಾಗಿ, ನಕ್ಕು, ಮತ್ತೆ ಪ್ರಯತ್ನಿಸಿದ್ದಾರೆ. ಎರಡು ವರ್ಷದ ಹಿಂದೆ ತಾವು ಆ ಕೋಣೆಯ ಬಾಗಿಲಿಗೆ ಒಂದು ತಕ್ಕಡಿ ತಂದಿಟ್ಟಿರಿ. ಸ್ನಾತಕೋತ್ತರ ತರಗತಿಗಳೆಲ್ಲ ‘ಅಂತರರಾಷ್ಟ್ರೀಯ’ವಾಗಬೇಕು, ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು, ಪಾಠ ಮಾಡುವವರು ಭಾಷಾ ಕೇಂದ್ರದ ಪರೀಕ್ಷೆ ಪಾಸಾಗಬೇಕು, ಎರಡು ಸಲ ನಪಾಸಾದವರು ತರಗತಿಯಿಂದ ಹೊರಗೆ. ಅಂದಿನಿಂದ ನನ್ನೆದುರು ಕೂತವರು ತಪ್ಪು ಮಾಡುವುದನ್ನು ಬಿಟ್ಟರು. ಬಾಯಿ ತೆರೆಯುವುದನ್ನೇ ಬಿಟ್ಟರು ಎಂದರೂ ಸರಿ.

ಈಗ ಥೋರ್ಕಿಲ್‌ನ ಕತೆ.

ಅವನನ್ನು ನಾನು ಮೊದಲು ಕಂಡಿದ್ದು ವಿಶ್ವವಿದ್ಯಾಲಯದ ದನದ ಕೊಟ್ಟಿಗೆಯಲ್ಲಿ. ನಿಯಮ ಜಾರಿಯಾಗುವ ಮೊದಲು ‘ಅಧ್ಯಾಪಕರ ಅಗತ್ಯ ಅರಿಯಲು’ ನಮ್ಮನ್ನು ವಿಭಾಗಗಳಿಗೆ ಕಳಿಸಿದ್ದಿರಿ. ನಾನು ತೆಳು ಚಪ್ಪಲಿ ಹಾಕಿಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಚೊಚ್ಚಲ ಕಡಸೊಂದು ಕರು ಹಾಕಲು ತಿಣುಕುತ್ತಿತ್ತು. ಸುತ್ತ ಇಪ್ಪತ್ತು ಚಿಲ್ಲರೆ ಹುಡುಗ ಹುಡುಗಿಯರು. ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಹಾಕಿದ್ದ ದಪ್ಪ ಮನುಷ್ಯ ಕಡಸಿನ ಬೆನ್ನಿಗೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಪಾಠ ಮಾಡುತ್ತಿದ್ದ.

“ಕಣ್ಣು ಬಿಟ್ಕೊಂಡು ಏನು ಮಾಡ್ತೀರೋ? ಒಳಗೇನು ಲೈಟ್ ಹಾಕಿದಾರಾ? ಕೈಗೆ ಕಣ್ಣು ಬರಬೇಕು. ಮೊದ್ಲು ಗೊರಸು ಸಿಗುತ್ತೆ. ಅಲ್ಲಿಂದ ಮೇಲೆ ಹೋಗು. ಒಂದು ಗಂಟು, ಆಮೇಲೆ ಇನ್ನೊಂದು ಗಂಟು. ಎರಡೂ ಒಂದೇ ಕಡೆ ಮಡಚಿದ್ರೆ ಮುಂಗಾಲು, ನೆಮ್ಮದಿಯಾಗಿರು. ಒಂದು ಈ ಕಡೆ, ಇನ್ನೊಂದು ಆ ಕಡೆ ಮಡಚಿದ್ರೆ ಹಿಂಗಾಲು. ಕರು ತಿರುಗಿ ಬರ್ತಿದೆ. ಆಗ ಫೋಟೋ ಹೊಡೀತಾ ನಿಂತ್ರೆ ಒಳಗೇ ಉಸಿರು ಎಳೆದು ಸತ್ತೋಗುತ್ತೆ. ತಾಯಿ, ಒಂಚೂರು ತಡಕೋ, ಈ ಮುಠ್ಠಾಳರಿಗೂ ಸ್ವಲ್ಪ ತೋರಿಸ್ತೀನಿ.”

ಕೊನೆಯ ಮಾತು ಕಡಸಿಗೆ. ಹುಡುಗರು ನಕ್ಕರು. ಅವರ ಕೈಗಳು ಮಾತ್ರ ಗಾಳಿಯಲ್ಲಿ ಮಡಚುತ್ತ, ಬಿಚ್ಚುತ್ತ, ಕಾಣದ ಕಾಲೊಂದನ್ನು ತಡವುತ್ತಿದ್ದವು. ನಾನು ಪದಗಳ ಪಾಠ ಮಾಡುವವಳು. ಆ ಹೊತ್ತಿನಲ್ಲಿ ನನ್ನ ಮಣಿಕಟ್ಟೂ ಮಡಚಿತ್ತು.

ಆ ತರಗತಿಯಲ್ಲಿ ಇದ್ದವರು ಇಪ್ಪತ್ಮೂರು ಮಂದಿ. ಇಪ್ಪತ್ತೆರಡು ಮಂದಿ ಇದೇ ನೆಲದವರು, ಹೆಚ್ಚಿನವರು ನಮ್ಮ ಜುಟ್ಲೆಂಡ್ ಸೀಮೆಯ ರೈತರ ಮಕ್ಕಳು. ಇಪ್ಪತ್ಮೂರನೆಯವಳು ಯುರ್ಗಿತಾ, ಲಿಥುವೇನಿಯಾದವಳು. ಅವಳೊಬ್ಬಳಿಂದಲೇ ಆ ತರಗತಿ ತಮ್ಮ ಪುಸ್ತಕದಲ್ಲಿ ಅಂತರರಾಷ್ಟ್ರೀಯವಾಯಿತು. ಅವಳನ್ನು ತಾವು ಒಮ್ಮೆಯಾದರೂ ಮಾತಾಡಿಸಿದ್ದರೆ ತಿಳಿಯುತ್ತಿತ್ತು: ವಿಶ್ವವಿದ್ಯಾಲಯಕ್ಕೆ ಸೇರುವ ಮುಂಚೆ ಅವಳು ಮೂರು ವರ್ಷ ಇಲ್ಲೇ ಪಕ್ಕದ ಹೈನಿನ ಫಾರ್ಮಿನಲ್ಲಿ ಹಾಲು ಕರೆದವಳು. ನಮ್ಮ ಭಾಷೆಯನ್ನು ಹಸುಗಳ ಜತೆ, ಫಾರ್ಮಿನ ಯಜಮಾನಿಯ ಜತೆ ಕಲಿತವಳು. ಅವಳ ಬೈಗುಳ ಕೇಳಿದರೆ ನಮ್ಮಜ್ಜಿ ನೆನಪಾಗುತ್ತಾಳೆ. ಅವಳಿಗೆ ಬಾರದಿದ್ದದ್ದು ಇಂಗ್ಲಿಷೇ. ಅಂದರೆ, ಕುಲಪತಿಗಳೇ, ಇಂಗ್ಲಿಷ್ ಕಷ್ಟವಾಗಿದ್ದ ಒಬ್ಬಳ ಅನುಕೂಲಕ್ಕೆಂದು, ಇಂಗ್ಲಿಷ್ ಬೇಡವಾಗಿದ್ದ ಇಪ್ಪತ್ತೆರಡು ಮಂದಿಗೆ, ಇಂಗ್ಲಿಷ್ ಆಡಲಾಗದ ಒಬ್ಬನಿಂದ ಇಂಗ್ಲಿಷಿನಲ್ಲಿ ಪಾಠ ಹೇಳಿಸಲು ತಾವು ತೀರ್ಮಾನಿಸಿದಿರಿ. ಇಂಥ ತೀರ್ಮಾನಕ್ಕೆ ಬರಲು ಎಷ್ಟು ಸಭೆ ಬೇಕಾಯಿತು?

ಥೋರ್ಕಿಲ್‌ಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಬರೆಯಲೂ ಬರುತ್ತಿತ್ತು, ಅವನ ಲೇಖನಗಳು ಹೊರದೇಶದ ಪತ್ರಿಕೆಗಳಲ್ಲಿ ಬಂದಿವೆ. ಮಾತು ಬೇರೆ. ಆಡಲು ಹೊರಟರೆ ಅವನ ನಾಲಗೆ ಹಸಿ ಹಗ್ಗದಂತಾಗುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಐದಕ್ಕೆ ಎರಡು ಬಂತು. ಪಾಸಾಗಲು ಮೂರು ಬೇಕು. ಆಮೇಲೆ ನನ್ನ ತರಗತಿಗೆ ಸೇರಿದ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಒಂದು ವರ್ಷ. ಒಂದು ದಿನವೂ ತಪ್ಪಿಸಲಿಲ್ಲ. ಕೊಟ್ಟಿಗೆ ಮುಗಿಸಿ ಸ್ನಾನ ಮಾಡಿ ಬಂದರೂ ಕೂದಲಲ್ಲಿ ಹುಲ್ಲಿನ ವಾಸನೆ ಉಳಿದಿರುತ್ತಿತ್ತು. ಜತೆಗೆ ಕಾಫಿಯ ಫ್ಲಾಸ್ಕು, ಕಾಗದದಲ್ಲಿ ಸುತ್ತಿದ, ರೈ ಧಾನ್ಯದ ಕಪ್ಪು ರೊಟ್ಟಿ. ಅರ್ಧ ನನಗೆ ಕೊಡುತ್ತಿದ್ದ. ಪದಗಳನ್ನು ಚೀಟಿಯಲ್ಲಿ ಬರೆದು ಹಸುಗಳ ಗೋದಲಿಗೆ ಅಂಟಿಸಿದ್ದನಂತೆ. “ಹಸುಗಳೆಲ್ಲ ಪಾಸಾಗಿವೆ ಇಂಗೆಲಿಸೆ, ನಾನೊಬ್ಬನೇ ಉಳಿದಿರೋದು” ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದ.

ಪದಗಳು ಬಂದವು. ಉಚ್ಚಾರ ಪರವಾಗಿಲ್ಲ ಎನ್ನುವಷ್ಟಾಯಿತು. ಬಾರದೆ ಉಳಿದದ್ದು ಅವನೇ. ನಮ್ಮ ಭಾಷೆಯಲ್ಲಿ ಕಡಸಿಗೆ ಕೆನ್ನೆ ಒತ್ತಿ ಮಾತಾಡುತ್ತಿದ್ದ ಮನುಷ್ಯ ಇಂಗ್ಲಿಷಿಗೆ ಬಂದ ಕೂಡಲೇ ನೆಟ್ಟಗೆ ನಿಂತು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ, “ಮಾನ್ಯ ವಿದ್ಯಾರ್ಥಿಗಳೇ, ಇದು ಒಂದು ಕಾಲು ಆಗಿರುತ್ತದೆ” ಎನ್ನುತ್ತಿದ್ದ.

ಒಂದು ದಿನ ನಾನು, “ಯಾಕೆ ಹಿಂಗೆ ಕಂಬದ ಥರ ನಿಲ್ತೀಯ? ಕೊಟ್ಟಿಗೇಲಿ ನಗಿಸ್ತಿದ್ದೆಯಲ್ಲ, ಹಾಗೇ ಹೇಳು” ಎಂದೆ.

ಅವನು ರೊಟ್ಟಿಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. “ಆಗಲ್ಲ ಕಣೆ. ಇಂಗ್ಲಿಷಿನಲ್ಲಿ ನಾನು ಬೇರೆ ಯಾರೋ ಆಗ್ಬಿಡ್ತೀನಿ. ಮರ್ಯಾದಸ್ಥ, ಆದ್ರೆ ಬುದ್ಧಿ ಕಮ್ಮಿ. ಅಂಥೋನ ಕೈಗೆ ನಾನಾದ್ರೆ ಹಸು ಕೊಡಲ್ಲ. ಹುಡುಗರು ಯಾಕೆ ನಂಬ್ತಾರೆ?”

“ಅಭ್ಯಾಸ ಆಗುತ್ತೆ” ಎಂದೆ. ಇಪ್ಪತ್ತಾರು ವರ್ಷದಲ್ಲಿ ಆಡಿದ ಅತ್ಯಂತ ಸೋಮಾರಿ ಮಾತು.

ಎರಡನೆಯ ಪರೀಕ್ಷೆ ನವೆಂಬರಿನಲ್ಲಿ. ಪರೀಕ್ಷಕರು ಇಬ್ಬರು: ನಾನು, ಮತ್ತು ಬೇರೆ ಊರಿನಿಂದ ಬಂದ ಒಬ್ಬರು. ತಮ್ಮ ಕಚೇರಿಯ ಮೂವರು ಗುಮಾಸ್ತರು ವಿದ್ಯಾರ್ಥಿಗಳಾಗಿ ನಟಿಸಲು ಕೂತಿದ್ದರು. ಹಸು ಇರಲಿಲ್ಲ, ಪರದೆ ಇತ್ತು. ಮೊದಲ ಹದಿನೈದು ನಿಮಿಷ ಕಂಠಪಾಠ ಮಾಡಿದ್ದನ್ನು ಒಪ್ಪಿಸಿದ, ತಪ್ಪುಗಳು ಕಡಿಮೆಯೇ. ಅಷ್ಟರಲ್ಲಿ ಒಬ್ಬ ಗುಮಾಸ್ತೆ, ಚೀಟಿಯಲ್ಲಿ ಬರೆದುಕೊಟ್ಟಿದ್ದ ಪ್ರಶ್ನೆಯನ್ನು ಓದಿದಳು: “ಒಳಗೆ ಸಿಕ್ಕಿದ್ದು ಹಿಂಗಾಲೆಂದು ತಾವು ಹೇಗೆ ಗುರುತಿಸುವಿರಿ?”

ಥೋರ್ಕಿಲ್ ಬಾಯಿ ತೆರೆದ. ಮುಚ್ಚಿದ. ಹಣೆ ಒರೆಸಿಕೊಂಡ. ಅವನಿಗೆ ಗೊತ್ತಿತ್ತು. ಈ ದೇಶದಲ್ಲಿ ಅವನಷ್ಟು ಚೆನ್ನಾಗಿ ಅದನ್ನು ಬಲ್ಲವರು ಹತ್ತು ಜನ ಇದ್ದಾರೋ ಇಲ್ಲವೋ. ಕೊನೆಗೆ ಅವನು ತನ್ನ ಕೋಟು ಬಿಚ್ಚಿ ಮೇಜಿನ ಮೇಲೆ ಹರಡಿ, ಅದರ ಒಂದು ತೋಳೊಳಗೆ ಎಡಗೈ ತೂರಿಸಿ, ಬಲಗೈಯಿಂದ ತಡವುತ್ತ ತೋರಿಸಿದ. ಬೆರಳ ಗಂಟು, ಮಣಿಕಟ್ಟು; ಒಂದೇ ಕಡೆ. “ಮುಂದೆ,” ಎಂದ. ಕೈ ತಿರುಚಿ, ಒಂದು ಈ ಕಡೆ, ಒಂದು ಆ ಕಡೆ. “ಹಿಂದೆ. ಅಪಾಯ. ಬೇಗ.” ಇಂಗ್ಲಿಷಿನ ನಾಲ್ಕೇ ಪದ. ಪ್ರಶ್ನೆ ಕೇಳಿದ ಗುಮಾಸ್ತೆ ತನಗರಿವಿಲ್ಲದೆ ತನ್ನ ಕೈಯನ್ನೂ ಹಾಗೇ ತಿರುಚಿ ನೋಡಿಕೊಂಡಳು. “ಓ, ಗೊತ್ತಾಯ್ತು!” ಎಂದಳು, ನಮ್ಮ ಭಾಷೆಯಲ್ಲಿ. ಪರೀಕ್ಷೆಯ ನಿಯಮ ಮುರಿದವಳು ಅವಳೊಬ್ಬಳೇ.

ಅಂಕದ ಹಾಳೆಯಲ್ಲಿ ‘ಪರಸ್ಪರ ಸಂವಹನ’ ಎಂಬ ಕಲಮಿತ್ತು. ಕೆಳಗೆ ಸೂಚನೆ: ‘ಅಭ್ಯರ್ಥಿಯು ಪದಗಳ ಬದಲು ಹಾವಭಾವವನ್ನು ಅವಲಂಬಿಸಿದರೆ ಎರಡಕ್ಕಿಂತ ಹೆಚ್ಚು ಕೊಡತಕ್ಕದ್ದಲ್ಲ.’ ಹೊರಗಿನ ಪರೀಕ್ಷಕರು ನನ್ನತ್ತ ಬಾಗಿ, “ನೀನೇ ಹೇಳು. ನನಗೆ ಮೂರು ಕೊಟ್ರೂ ಅಡ್ಡಿ ಇಲ್ಲ. ನಿನ್ನ ಶಿಷ್ಯ ಅಲ್ವಾ?” ಎಂದರು.

ನಾನು ಎರಡು ಬರೆದೆ.

ಯಾಕೆ ಎಂದು ಜನ ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೇನೆ. ಹಾಳೆಯಲ್ಲಿ ಹಾಗೆ ಬರೆದಿತ್ತು ಎನ್ನುವುದು ಒಂದು ಉತ್ತರ. ‘ನಿನ್ನ ಶಿಷ್ಯ’ ಎಂದದ್ದು ಚುಚ್ಚಿತು, ಪಕ್ಷಪಾತಿ ಎನಿಸಿಕೊಳ್ಳಲು ಹೆದರಿದೆ ಎನ್ನುವುದು ಇನ್ನೊಂದು. ನಿಜವಾದ ಉತ್ತರ ಬೇರೆ ಇದೆ. ಆ ತಿಂಗಳು ಭಾಷಾ ಕೇಂದ್ರದ ಮೂವರಲ್ಲಿ ಒಬ್ಬರನ್ನು ಕೈಬಿಡುವ ಮಾತು ನಡೆದಿತ್ತು. ‘ನಿಮ್ಮ ಪರೀಕ್ಷೆ ತೀರಾ ಉದಾರವಾಯಿತು, ಎಲ್ಲರೂ ಪಾಸಾದರೆ ಪರೀಕ್ಷೆಯಾದರೂ ಯಾಕೆ, ನೀವಾದರೂ ಯಾಕೆ’ ಎಂದು ತಮ್ಮ ಕಚೇರಿಯಿಂದಲೇ ಹೇಳಿಕಳಿಸಿದ್ದಿರಿ. ನನಗೆ ಐವತ್ತೇಳು. ಬೇರೆ ಕಸುಬು ಬರುವುದಿಲ್ಲ. ಅವನ ಕೆಲಸವನ್ನು ತೂಕಕ್ಕಿಟ್ಟು ನನ್ನದನ್ನು ಉಳಿಸಿಕೊಂಡೆ. ತಕ್ಕಡಿ ತಂದಿಟ್ಟವರು ತಾವಿರಬಹುದು. ಅದನ್ನು ಒತ್ತಿದ ಬೆರಳು ನನ್ನದು.

ಜನವರಿಯಲ್ಲಿ ಥೋರ್ಕಿಲ್‌ನನ್ನು ತರಗತಿಯಿಂದ ತೆಗೆದು, ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಕೊಟ್ಟಿಗೆಯ ಎದುರಿನ ಕಟ್ಟಡದಲ್ಲಿ ಕೂರಿಸಿದಿರಿ. ಅವನ ಪಾಠ ಕೆನಡಾದಲ್ಲಿ ಓದಿ ಬಂದ ನಮ್ಮೂರ ಯುವ ಸಂಶೋಧಕನಿಗೆ ಹೋಯಿತು. ಒಳ್ಳೆಯ ಹುಡುಗ, ಇಂಗ್ಲಿಷ್ ನೀರಿನಂತೆ ಹರಿಯುತ್ತದೆ. ಮೇವಿನ ಲೆಕ್ಕದಲ್ಲಿ ಪಂಡಿತ, ಕರು ಹಾಕಿಸಿದವನಲ್ಲ. ಅವನೇ ವಿಭಾಗದಲ್ಲಿ ಹೇಳಿದ್ದನಂತೆ, “ಇದನ್ನ ನನಗೆ ಕೊಡ್ಬೇಡಿ, ನಾನೇ ಥೋರ್ಕಿಲ್ ಹತ್ರ ಕಲೀಬೇಕು” ಎಂದು. ಅವನಿಗೂ ಸ್ವಾಗತದ ಉತ್ತರ ಬಂದಿರಬೇಕು.

ಯುರ್ಗಿತಾ ನನ್ನ ಕೋಣೆಗೆ ಬಂದಳು. ನಿಂತುಕೊಂಡೇ, “ನನಗೋಸ್ಕರ ಇಂಗ್ಲಿಷ್ ಮಾಡಿದ್ದಂತೆ. ನಾನು ಕೇಳಿದ್ನಾ? ನನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದಳು. ವಿದ್ಯಾರ್ಥಿಗಳೆಲ್ಲ ಸೇರಿ, ಥೋರ್ಕಿಲ್‌ನನ್ನು ಮರಳಿ ಕೊಡಿ ಎಂದು ನಮ್ಮ ಭಾಷೆಯಲ್ಲಿ ತಮಗೊಂದು ಅರ್ಜಿ ಬರೆದಿದ್ದರು. ಈ ತರಗತಿಯ ಅಧಿಕೃತ ಭಾಷೆ ಇಂಗ್ಲಿಷಾದ್ದರಿಂದ ಅರ್ಜಿಯೂ ಇಂಗ್ಲಿಷಿನಲ್ಲಿರಬೇಕೆಂದು ತಮ್ಮ ಕಚೇರಿ ಅದನ್ನು ಹಿಂದಿರುಗಿಸಿತ್ತು. “ತಿದ್ದಿಕೊಡು” ಎಂದು ಅನುವಾದದ ಕಾಗದವನ್ನು ನನ್ನ ಮುಂದಿಟ್ಟಳು. ತಿದ್ದಿದೆ. ಹನ್ನೊಂದು ತಪ್ಪುಗಳಿದ್ದವು. ಇಷ್ಟು ವರ್ಷ ‘ನಿಜವಾದ ಉದ್ದೇಶವಿದ್ದಾಗ ಭಾಷೆ ಬೇಗ ಬರುತ್ತದೆ’ ಎಂದು ಬೋಧಿಸುತ್ತ ಬಂದವಳ ಎದುರು ಕೊನೆಗೂ ಒಂದು ನಿಜವಾದ ಉದ್ದೇಶ ಬಂದು ನಿಂತಿತ್ತು. ಆ ಅರ್ಜಿ ತಪ್ಪಿಲ್ಲದೆ ತಮ್ಮ ಕೈ ಸೇರಿತು. ಆಮೇಲೆ ಏನಾಯಿತೆಂದು ತಾವೇ ಬಲ್ಲಿರಿ, ನಾವು ಅರಿಯೆವು.

ಮಾರ್ಚ್‌ನಲ್ಲಿ, ಮಧ್ಯಾಹ್ನದ ಪಾಠದ ಹೊತ್ತಿಗೆ, ಕೊಟ್ಟಿಗೆಯಲ್ಲಿ ಹಸುವೊಂದಕ್ಕೆ ನೋವು ಶುರುವಾಯಿತು. ಎರಡು ಗೊರಸು ಕಂಡವು, ಮುಂದಕ್ಕೆ ಬರಲಿಲ್ಲ. ಯುವ ಸಂಶೋಧಕ ಪಶುವೈದ್ಯರಿಗೆ ಫೋನು ಮಾಡಿದ. ಅವರು ಬರಲು ಮುಕ್ಕಾಲು ಗಂಟೆ. ಯುರ್ಗಿತಾ ಕೈ ಹಾಕಿ ನೋಡಿದವಳೇ ಕೈಗವಸಿನಲ್ಲೇ ಅಂಗಳ ದಾಟಿ ಎದುರಿನ ಕಟ್ಟಡಕ್ಕೆ ಓಡಿದಳು.

“ಥೋರ್ಕಿಲ್! ಒಂದು ಗಂಟು ಈ ಕಡೆ, ಒಂದು ಆ ಕಡೆ!”

ಅವನು ಎದ್ದ. ಕೊಟ್ಟಿಗೆಯ ಬಾಗಿಲಿನವರೆಗೆ ಬಂದು ನಿಂತುಬಿಟ್ಟನಂತೆ. “ನಾನು ಒಳಗೆ ಬರೋ ಹಂಗಿಲ್ಲ, ಪಾಠದ ಹೊತ್ತು” ಎಂದನಂತೆ. ಮೂವತ್ತೊಂದು ವರ್ಷ ಆ ಬಾಗಿಲಲ್ಲಿ ಓಡಾಡಿದವನು! ಸಂಶೋಧಕ ಹುಡುಗನೇ ಹೋಗಿ ಅವನ ತೋಳು ಹಿಡಿದು, “ಬಾ ಮಾರಾಯ, ನಿನ್ನ ದಮ್ಮಯ್ಯ” ಎಂದು ಎಳೆದುಕೊಂಡ. ಥೋರ್ಕಿಲ್ ಹಸುವಿಗೆ ಕೆನ್ನೆ ಒತ್ತಿದ. ಹುಡುಗರಿಗೆ ಎಲ್ಲಿ ಹಿಡಿಯಬೇಕು, ಯಾವಾಗ ಎಳೆಯಬೇಕು ಎಂದು ಹೇಳಿದ. ಕೆಲವೇ ನಿಮಿಷದಲ್ಲಿ ಕರು ಹೊರಬಂತು. ಒಣಹುಲ್ಲಿನಿಂದ ಮೂಗು ಕೆರಳಿಸಿದರು, ಸೀನಿತು, ಬದುಕಿತು.

ಎರಡು ವಾರದ ನಂತರ ಅವನಿಗೆ ಲಿಖಿತ ಎಚ್ಚರಿಕೆ ಬಂತು: ‘ಅನುಮತಿಯಿಲ್ಲದೆ, ಮಾನ್ಯತೆಯಿಲ್ಲದ ಭಾಷೆಯಲ್ಲಿ ಬೋಧಿಸಿದ್ದಕ್ಕಾಗಿ.’ ತಮ್ಮ ಕಚೇರಿಗೆ ಯಾರು ಹೇಳಿದರೋ, ಇಪ್ಪತ್ಮೂರು ಫೋನುಗಳಲ್ಲಿ ಯಾವುದರ ಚಿತ್ರ ಎಲ್ಲೆಲ್ಲಿ ಓಡಾಡಿತೋ. ವಿಚಾರಣೆಯ ದಿನ ಜತೆಗಿರಲು ನನ್ನನ್ನು ಕರೆದಿದ್ದ. ಹೌದು, ನನ್ನನ್ನೇ. “ಇಂಗ್ಲಿಷಿನಲ್ಲಿ ಏನಾದ್ರೂ ಕೇಳಿದ್ರೆ ನೀನು ಪಕ್ಕದಲ್ಲಿರು” ಎಂದ. ಎರಡು ಕೊಟ್ಟವಳು ನಾನೆಂದು ಅವನಿಗೆ ಗೊತ್ತಿತ್ತು.

ಸಿಬ್ಬಂದಿ ಅಧಿಕಾರಿ ಸಂಭಾವಿತರು. “ಕರು ಬದುಕಿದ್ದು ಎಲ್ಲರಿಗೂ ಸಂತೋಷ. ಪ್ರಶ್ನೆ ಅದಲ್ಲ. ನೀನು ವಿದ್ಯಾರ್ಥಿಗಳ ಹತ್ರ ಯಾವ ಭಾಷೆಯಲ್ಲಿ ಮಾತಾಡಿದೆ?” ಎಂದು ಕೇಳಿದರು.

“ನಮ್ಮಮ್ಮನ ಭಾಷೇಲಿ.”

“ಅಂದ್ರೆ ಇಂಗ್ಲಿಷ್ ಅಲ್ಲ.”

“ನಮ್ಮಮ್ಮಂಗೆ ಬರ್ತಿರ್ಲಿಲ್ಲ.”

ಅವರು ಬರೆದುಕೊಂಡರು. ನಂತರ ಮೇಜಿನ ಮೇಲೆ ಒಂದು ನಮೂನೆಯನ್ನು ಮೆಲ್ಲಗೆ ಅವನ ಕಡೆ ಸರಿಸಿದರು. ಎಚ್ಚರಿಕೆ ಕಡತದಲ್ಲಿ ಉಳಿಯುತ್ತದೆ. ಅಥವಾ ಅವಧಿಗೆ ಮುಂಚಿನ ನಿವೃತ್ತಿ ಕೋರಿದರೆ ಕಡತ ಮುಚ್ಚುತ್ತದೆ. ಥೋರ್ಕಿಲ್ ಓದಿದ. ಅದು ನಮ್ಮ ಭಾಷೆಯಲ್ಲೇ ಇತ್ತು. ಸಹಿ ಹಾಕಿಸಿಕೊಳ್ಳುವಾಗ ನಮ್ಮ ಭಾಷೆ ಸಾಕು, ಗಮನಿಸಿದಿರಾ?

“ಕರು ಒಳಗೇ ತಡ ಮಾಡಿದಷ್ಟೂ ಕಷ್ಟ,” ಎಂದು ಪೆನ್ನು ಕೇಳಿದ. ನನ್ನ ಪೆನ್ನನ್ನೇ ಕೊಟ್ಟೆ. ಇದು ತಮ್ಮ ‘ಸ್ವಇಚ್ಛೆ’.

ಬೀಳ್ಕೊಡುಗೆಗೆ ತಾವು ಬಂದಿದ್ದಿರಿ. ಬಿಳಿ ವೈನು, ಚಿಕ್ಕ ಚಿಕ್ಕ ರೊಟ್ಟಿ ತುಂಡುಗಳು, ಮೇಜಿನ ಮೇಲೆ ಪುಟ್ಟ ಧ್ವಜ. ಕೋಣೆಯಲ್ಲಿ ನಲವತ್ತು ಜನ, ನಲವತ್ತು ಜನಕ್ಕೂ ನಮ್ಮ ಭಾಷೆ ಬರುತ್ತಿತ್ತು, ಮೂಲೆಯಲ್ಲಿ ನಿಂತಿದ್ದ ಯುರ್ಗಿತಾಳಿಗೂ. ತಾವು ಇಂಗ್ಲಿಷಿನಲ್ಲಿ ಭಾಷಣ ಮಾಡಿದಿರಿ. ಥೋರ್ಕಿಲ್‌ನ ಹೆಸರನ್ನೂ ಇಂಗ್ಲಿಷಿನವರು ಉಚ್ಚರಿಸುವಂತೆ ಉಚ್ಚರಿಸಿದಿರಿ. ಉತ್ತರ ಕೊಡುವಂತೆ ಅವನನ್ನು ಕೇಳಿದಾಗ ಅವನು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ, ನೆಟ್ಟಗೆ ನಿಂತು, ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದ: “ಬಂದದ್ದಕ್ಕೆ ಧನ್ಯವಾದ, ಇದಕ್ಕೆ ಸೇರಿಸಲು ನನ್ನ ಬಳಿ ಏನೂ ಇಲ್ಲ.” ಚಪ್ಪಾಳೆ ಬಿತ್ತು. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ, ತಡವರಿಕೆ ಇರಲಿಲ್ಲ, ಉಚ್ಚಾರ ಶುದ್ಧವಾಗಿತ್ತು. ಕೈಯಲ್ಲಿ ಲೋಟ ಹಿಡಿದು ನಿಂತಿದ್ದ ನಾನು ಮನಸ್ಸಿನಲ್ಲೇ ನಾಲ್ಕು ಅಂಕ ಕೊಟ್ಟಿದ್ದೆ. ಕೊಟ್ಟ ಮೇಲೆ ಗೊತ್ತಾಯಿತು, ಏನು ಮಾಡುತ್ತಿದ್ದೇನೆಂದು. ಲೋಟ ಕೆಳಗಿಟ್ಟು ಹೊರಗೆ ಹೋದೆ.

ಆಮೇಲೆ ಒಂದು ಸಲ ಅವನಿಗೆ ಫೋನು ಮಾಡಿದೆ. ಕ್ಷಮೆ ಕೇಳಬೇಕೆಂದಿದ್ದೆ. ಅವನೇ ಮೊದಲು, “ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಏನು ಮಾಡ್ಬೇಕೂಂತ ಗೊತ್ತಾಗಲ್ಲ ಇಂಗೆಲಿಸೆ, ಸುಮ್ನೆ ಕೂತಿರ್ತೀನಿ” ಎಂದ. ನಾನು ಹವಾಮಾನದ ಮಾತಾಡಿ ಫೋನಿಟ್ಟೆ. ನನ್ನ ಸ್ವಂತ ಭಾಷೆಯಲ್ಲಿ, ಇಪ್ಪತ್ತಾರು ವರ್ಷ ಜನರಿಗೆ ಮಾತು ಕಲಿಸಿದವಳಿಗೆ, ಒಂದು ವಾಕ್ಯ ಕೂಡಿಬರಲಿಲ್ಲ.

ನನ್ನ ಬೇಡಿಕೆಗೆ ಬರುತ್ತೇನೆ. ನಿಯಮ ಬದಲಿಸಿ ಎಂದು ಕೇಳುತ್ತಿಲ್ಲ, ಬದಲಿಸುವುದಿಲ್ಲವೆಂದು ಗೊತ್ತು. ಥೋರ್ಕಿಲ್‌ನನ್ನು ಮರಳಿ ಕರೆಯಿರಿ ಎಂದೂ ಕೇಳುತ್ತಿಲ್ಲ. ಕರೆದರೆ ಅವನು ಬರುವುದಿಲ್ಲ. ಮುಂದಿನ ವಾರ್ತಾಪತ್ರದಲ್ಲಿ ಆ ಮೂರು ಸಾಲನ್ನು ತಿದ್ದಿ. ‘ಸ್ವಇಚ್ಛೆಯಿಂದ’ ಎಂಬ ಪದವನ್ನು ಹೊಡೆದುಹಾಕಿ, ಅವನನ್ನು ಯಾತಕ್ಕೆ ತೆಗೆದೆವೆಂದು ಬರೆಯಿರಿ. ಪರೀಕ್ಷಕಿಯ ಹೆಸರನ್ನೂ ಹಾಕಿ. ಮೂವತ್ತೊಂದು ವರ್ಷದಲ್ಲಿ ಅವನ ಕೈಯಿಂದ ಕಲಿತು ಹೋದವರು ನಾಡಿನ ಕೊಟ್ಟಿಗೆಗಳಲ್ಲೆಲ್ಲ ಇದ್ದಾರೆ. ತಮ್ಮ ಗುರು ಬೇಸತ್ತು ಹೋದನೆಂದು ಅವರು ತಿಳಿಯಬಾರದು. ಒಂದು ಪದ ತೆಗೆಯುವ ಕೆಲಸ. ಯಾವ ಭಾಷೆಯಲ್ಲಿ ತಿದ್ದಿದರೂ ಆದೀತು.

ತಿದ್ದುವಿರೆಂಬ ನಂಬಿಕೆ ನನಗಿಲ್ಲ. ಬರುವ ಮಂಗಳವಾರ ಗಣಿತ ವಿಭಾಗದ ಇಬ್ಬರಿಗೆ ಎರಡನೆಯ ಪರೀಕ್ಷೆ. ಒಬ್ಬಳು ಆಗಲೇ ಎರಡು ಸಲ ನನಗೆ ಫೋನು ಮಾಡಿ, ಹೇಗೆ ಉಸಿರಾಡಬೇಕೆಂದು ಕೇಳಿದ್ದಾಳೆ. ಅಂಕದ ಹಾಳೆಗಳು ನನ್ನ ಮೇಜಿನ ಮೇಲೆ ಬಂದಿವೆ. ಪರೀಕ್ಷಕಿಯಾಗಿ ನಾನೇ ಹೋಗುತ್ತೇನೆ.

ಇಂತಿ, ಇನ್ನೂ ಕೆಲಸದಲ್ಲಿರುವ,
ಇಂಗೆಲಿಸೆ ತೋಫ್ಟ್
ಇಂಗ್ಲಿಷ್ ಅಧ್ಯಾಪಕಿ, ಭಾಷಾ ಕೇಂದ್ರ